ಅಕ್ಕನ ಮಗನ ಕೈಗೆ ಮೊದಲು ಯಾವುದನ್ನು ಕೊಡಲಿ: ರಾಡೋ, ಸಿಓಟು ಗನ್ನೋ, ಟಿಗ್ ಟಾರ್ಚೋ?

ರಾಣೆಬೆನ್ನೂರು ಗ್ರಿಲ್

ಊರಿನಲ್ಲಿ ನನ್ನದೊಂದು ಗ್ರಿಲ್ ಅಂಗಡಿ ಇದೆ. ಕಿಟಕಿ, ಗೇಟು, ಶೀಟಿನ ಮಾಡಿಗೆ ಟ್ರಸ್, ಸುಗ್ಗಿಯ ಕಾಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ. ಅಕ್ಕನ ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ, 16 ತುಂಬಿದೆ. ದಡ್ಡನಲ್ಲ, ಆದರೆ ಒಂದು ಕಡೆ ಕೂತು ಓದುವುದು ಅವನಿಂದ ಆಗದು. ಐಟಿಐ ವೆಲ್ಡರ್ ಕೋರ್ಸಿಗೆ ಅರ್ಜಿ ಹಾಕಿದ್ದೇವೆ. ತರಗತಿ ಶುರುವಾಗಲು ಇನ್ನೂ ಎರಡು ತಿಂಗಳಿದೆ. ಅಷ್ಟರಲ್ಲಿ ಕೈ ಕುದುರಿಸಿಕೊಳ್ಳುತ್ತೇನೆ ಮಾಮ ಎಂದು ದಿನವೂ ಅಂಗಡಿಗೆ ಬಂದು ನಿಲ್ಲುತ್ತಾನೆ.

ನನಗೆ ಗೊತ್ತಿರುವುದು ಲೇಪನವಿರುವ ರಾಡನ್ನು ಕರಗಿಸಿ ಬೆಸೆಯುವ ರಾಡ್ ವೆಲ್ಡಿಂಗ್ ಒಂದೇ. ಅದನ್ನೂ ಕಲಿತದ್ದು ನೋಡಿ, ಬೈಸಿಕೊಂಡು. ಅಂಗಡಿಯಲ್ಲಿ ಅದಕ್ಕೆ ಎರಡು ವೆಲ್ಡಿಂಗ್ ಯಂತ್ರ, ಹಳೆಯ ಟ್ರಾನ್ಸ್‌ಫಾರ್ಮರ್ ಒಂದು, 200 ಆಂಪಿಯರಿನ ಇನ್ವರ್ಟರ್ ಒಂದು ಇವೆ. ಹೋದ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಬಳಸಿದ ಸಿಓಟು ಯಂತ್ರವೊಂದನ್ನು (ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ತಂತಿ ಕರಗಿಸಿ ಬೆಸೆಯುವಂಥದ್ದು) ತಂದು ಮೂಲೆಯಲ್ಲಿಟ್ಟಿದ್ದೇನೆ. ಹುಡುಗನ ಕಣ್ಣು ಅದರ ಮೇಲೆಯೇ. ಈಚೆಗೆ ಮೊಬೈಲಿನಲ್ಲಿ ಏನೇನೋ ನೋಡಿ, ಒಂದು ಕೈಯಲ್ಲಿ ಟಂಗ್‌ಸ್ಟನ್ ಮುಳ್ಳಿನ ಟಾರ್ಚ್, ಇನ್ನೊಂದರಲ್ಲಿ ತಂತಿ ಹಿಡಿದು ಬೆಸೆಯುವ ಟಿಗ್ ಕಲಿಯಬೇಕು ಎನ್ನುತ್ತಿದ್ದಾನೆ. ಬೆಸುಗೆಯ ಮೇಲೆ ಮೀನಿನ ಹುರುಪೆಯಂತೆ ಸಾಲು ಬೀಳುತ್ತದಲ್ಲ, ಅದರ ಮೋಹ.

ನನ್ನ ಅಂಗಡಿಗೆ ಏನು ಲಾಭ ಎಂದು ಕೇಳುತ್ತಿಲ್ಲ. ಅವನ ಕೈಗೆ ಮೊದಲು ಯಾವುದು ಒಳ್ಳೆಯದು?

ಪೀಣ್ಯ ಎರಡನೇ ಪಾಳಿ

ಯೋಚನೆ ಏಕೆ? ಸಿಓಟು ಯಂತ್ರದ ಧೂಳು ಒರೆಸಿ ಅವನಿಗೆ ಕೊಡಿ. ನಾನು 11 ವರ್ಷದಿಂದ ಫ್ಯಾಬ್ರಿಕೇಶನ್ ಕಾರ್ಖಾನೆಯಲ್ಲಿದ್ದೇನೆ. ನಮ್ಮ ಶೆಡ್ಡಿನಲ್ಲಿ ರಾಡ್ ಹಿಡಿದವರನ್ನು ನೋಡಬೇಕೆಂದರೆ ಹಿಂದಿನ ರಿಪೇರಿ ಮೂಲೆಗೇ ಹೋಗಬೇಕು. ಸಿಓಟುವಿನಲ್ಲಿ ತಂತಿ ತಾನಾಗಿ ಬರುತ್ತದೆ, ಆರ್ಕಿನ (ಲೋಹ ಕರಗಿಸುವ ವಿದ್ಯುತ್ ಕಿಡಿಯ) ಉದ್ದವನ್ನು ಯಂತ್ರವೇ ಕಾಯುತ್ತದೆ, ಅರ್ಧಕ್ಕೆ ನಿಲ್ಲಿಸಿ ರಾಡ್ ಬದಲಿಸುವ ಗೋಜಿಲ್ಲ, ಬೆಸುಗೆಯ ಮೇಲೆ ಕಟ್ಟುವ ಗಟ್ಟಿ ಪೊರೆ, ಸ್ಲ್ಯಾಗ್, ಕುಟ್ಟುವ ಕೆಲಸವೂ ಇಲ್ಲ. ಒಂದು ಗಂಟೆಯಲ್ಲಿ ನೆಟ್ಟಗಿನ ಗೆರೆ ಬರುತ್ತದೆ. ರಾಡ್ ಕೊಟ್ಟರೆ ಮೊದಲ ವಾರವಿಡೀ ಅಂಟಿಕೊಂಡ ರಾಡನ್ನು ಕೀಳುವುದರಲ್ಲೇ ಕಳೆಯುತ್ತಾನೆ. 16ರ ಹುಡುಗನಿಗೆ ತಾಳ್ಮೆ ಎಷ್ಟಿರುತ್ತದೆಂದು ಮಾಮನಾದ ನಿಮಗೇ ಗೊತ್ತು. ನಾಲ್ಕನೇ ದಿನ ಬ್ಯಾಟ್ ಹಿಡಿದು ಮೈದಾನಕ್ಕೆ ಹೋಗುತ್ತಾನೆ.

ಹಳೆಯ ಬೋಧಕ

ಪೀಣ್ಯದವರ ಮಾತಿನಲ್ಲಿ ಒಂದೂ ಸುಳ್ಳಿಲ್ಲ. ಆದರೆ ಅವರು ಎಣಿಸಿದ ಗುಣಗಳೇ ಹೊಸ ಕೈಗೆ ಮುಳುವಾಗುತ್ತವೆ. ಐಟಿಐಯಲ್ಲಿ 28 ವರ್ಷ ವೆಲ್ಡರ್ ಟ್ರೇಡ್ ಕಲಿಸಿ ನಿವೃತ್ತನಾದವನು ನಾನು, ಸ್ವಲ್ಪ ಉದ್ದಕ್ಕೆ ಬರೆದರೆ ಬೇಸರಿಸಬೇಡಿ.

ನನ್ನ ತರಗತಿಯಲ್ಲಿ ಒಂದು ಪರೀಕ್ಷೆ ಇತ್ತು. 6 ಮಿ.ಮೀ. ದಪ್ಪದ ಎರಡು ತುಂಡುಗಳನ್ನು ತಲೆಕೆಳಗಾದ ಟಿ ಅಕ್ಷರದಂತೆ ನಿಲ್ಲಿಸಿ, ಒಂದೇ ಬದಿಯಲ್ಲಿ ಬೆಸೆಯಬೇಕು. ಪೂರ್ತಿ ಆರಿದ ಮೇಲೆ ಬೆಸುಗೆಯಿಲ್ಲದ ಬದಿಯಿಂದ ದೊಡ್ಡ ಸುತ್ತಿಗೆಯಲ್ಲಿ ಹೊಡೆದು, ನಿಂತ ತುಂಡನ್ನು ಬೆಸುಗೆಯ ಮೇಲೆಯೇ ಮಲಗಿಸಬೇಕು. ಒಂದು ವರ್ಷ ಒಬ್ಬ ಹುಡುಗ ಸಿಓಟುವಿನಲ್ಲಿ ಮಾಡಿ ತಂದ ತುಂಡು ನೋಡಿ ಎಲ್ಲರೂ ಬೆರಗಾದರು. ಸ್ಕೇಲಿಟ್ಟು ಗೆರೆ ಎಳೆದಂತಿತ್ತು. ಎರಡನೇ ಪೆಟ್ಟಿಗೆ ಇಡೀ ಬೆಸುಗೆ ಒಣಗಿದ ಗಾಯದ ಹಕ್ಕಳೆಯಂತೆ ಎದ್ದು ಬಂತು. ಕೆಳಗೆ ಕಬ್ಬಿಣದ ತಟ್ಟೆಯ ಬೂದು ಬಣ್ಣದ ಮೈ ಹೇಗಿತ್ತೋ ಹಾಗೆಯೇ ಇತ್ತು, ಎಲ್ಲಿಯೂ ಕರಗಿರಲಿಲ್ಲ. ತಂತಿ ಕರಗಿತ್ತು, ತಟ್ಟೆ ಕರಗಿರಲಿಲ್ಲ. ಸಿಓಟುವಿನಲ್ಲಿ ವೋಲ್ಟೇಜು, ತಂತಿಯ ವೇಗ, ಕೈಯ ವೇಗ ಈ ಮೂರೂ ಹೊಂದದೆ ಇದ್ದರೂ ನೋಡುವುದಕ್ಕೆ ಚೆಂದವಾದ ಬೆಸುಗೆ ಬಂದುಬಿಡುತ್ತದೆ. ಕಲಿಯುವವನಿಗೆ ತಪ್ಪು ಗೊತ್ತಾಗುವುದೇ ಇಲ್ಲ.

ರಾಡ್ ಹಾಗಲ್ಲ, ಆ ಕ್ಷಣವೇ ಕೆನ್ನೆಗೆ ಹೊಡೆಯುತ್ತದೆ. ಹತ್ತಿರ ಹೋದರೆ ಅಂಟಿಕೊಳ್ಳುತ್ತದೆ, ದೂರ ಹೋದರೆ ಕಿಡಿ ಚೆಲ್ಲಿ ಆರುತ್ತದೆ, ನಿಧಾನವಾದರೆ ತೂತು, ಬೇಗ ಓಡಿದರೆ ದಾರದಂಥ ಗೆರೆ. ರಾಡ್ ಉರಿಯುತ್ತ ಗಿಡ್ಡವಾಗುತ್ತ ಹೋಗುತ್ತದೆ, ಅದಕ್ಕೆ ಸರಿಯಾಗಿ ಕೈ ಕೆಳಗಿಳಿಯುತ್ತಲೇ ಇರಬೇಕು, ಜೊತೆಗೆ ಮುಂದಕ್ಕೂ ಹೋಗಬೇಕು. ಈ ಎರಡು ಚಲನೆ ಒಟ್ಟಿಗೆ ಕೂಡಿಬಂದ ಕೈ ಮುಂದೆ ಯಾವ ಯಂತ್ರಕ್ಕೂ ಹೆದರುವುದಿಲ್ಲ.

ಗ್ಯಾಸ್ ಟಾರ್ಚಿನ ಅಜ್ಜ

ಇಬ್ಬರೂ ಆಮೇಲೆ ಬನ್ನಿ. ನಮ್ಮ ಕಾಲದಲ್ಲಿ ಟ್ರೇಡಿನ ಹೆಸರೇ ‘ವೆಲ್ಡರ್, ಗ್ಯಾಸ್ ಮತ್ತು ಎಲೆಕ್ಟ್ರಿಕ್’ ಎಂದಿತ್ತು. ಗ್ಯಾಸ್ ಮೊದಲು, ಎಲೆಕ್ಟ್ರಿಕ್ ಆಮೇಲೆ. ಸುಮ್ಮನೆ ಹಾಗೆ ಬರೆದಿರಲಿಲ್ಲ.

ಆರ್ಕಿನ ಬೆಳಕಿನಲ್ಲಿ ಹೊಸಬನಿಗೆ ಕಾಣುವುದು ಬೆಳಕು ಮಾತ್ರ. ಕರಗಿದ ಕಬ್ಬಿಣದ ಮಡು ಯಾವುದು, ಅದರ ಮೇಲೆ ತೇಲುವ ಸ್ಲ್ಯಾಗ್ ಯಾವುದು ಎಂದು ತಿಳಿಯುವ ಹೊತ್ತಿಗೆ ತಿಂಗಳಾಗುತ್ತದೆ. ಆಕ್ಸಿಜನ್, ಅಸಿಟಿಲೀನ್ ಜ್ವಾಲೆಯ ಮುಂದೆ ಕೂರಿಸಿ ನೋಡಿ. ತಟ್ಟೆ ಕೆಂಪಾಗುತ್ತದೆ, ಬೆವರಿದಂತೆ ಹೊಳೆಯುತ್ತದೆ, ಆಮೇಲೆ ಕಣ್ಣೆದುರೇ ಕರಗಿ ಮಡು ಕಟ್ಟುತ್ತದೆ. ಎಲ್ಲವೂ ನಿಧಾನ. ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ತಂತಿ. ಆಕ್ಸಿಜನ್ ಹೆಚ್ಚಾದರೆ ಜ್ವಾಲೆ ಗಿಡ್ಡವಾಗಿ ಬುಸುಗುಡುತ್ತದೆ, ಅಸಿಟಿಲೀನ್ ಹೆಚ್ಚಾದರೆ ಒಳಗಿನ ಶಂಕುವಿಗೆ ಬಿಳಿ ಗರಿ ಮೂಡುತ್ತದೆ, ಎರಡೂ ಸಮವಾದರೆ ಶಂಕು ಚೊಕ್ಕಟವಾಗಿ ನಿಲ್ಲುತ್ತದೆ. ಇದನ್ನು ಕಲಿತವನಿಗೆ ಟಿಗ್ ಒಂದು ವಾರದ ಕೆಲಸ, ಎರಡು ಕೈಯ ಆಟವೂ ಒಂದೇ.

ಪೀಣ್ಯ ಎರಡನೇ ಪಾಳಿ

ಅಜ್ಜ, ನೀವು ಹೇಳಿದ್ದು ಚೆಂದ. ಆದರೆ ಇವತ್ತು ಯಾವ ಊರಿನಲ್ಲಿ ಗ್ಯಾಸಿನಿಂದ ಬೆಸೆಯುತ್ತಾರೆ? ಗ್ಯಾಸ್ ಉಳಿದಿರುವುದು ಕತ್ತರಿಸುವುದಕ್ಕೆ, ಇಲ್ಲವೇ ತಾಮ್ರದ ಕೊಳವೆಗೆ ಬ್ರೇಜಿಂಗ್ ಬೆಸುಗೆ ಹಾಕುವುದಕ್ಕೆ. ಅದೂ ಅಲ್ಲದೆ ಗ್ರಿಲ್ ಅಂಗಡಿಯಲ್ಲಿ ಎಳೆ ಹುಡುಗನ ಕೈಗೆ ಸಿಲಿಂಡರಿನ ಕೀಲಿ ಕೊಡಬೇಕೆ?

ಗ್ಯಾಸ್ ಟಾರ್ಚಿನ ಅಜ್ಜ

ಅದು ನಿಜ. ಮೆರೂನ್ ಬಣ್ಣದ ಸಿಲಿಂಡರನ್ನು ಅಡ್ಡ ಮಲಗಿಸಿ ಬಳಸಬಾರದು, ಒಳಗಿನ ಅಸಿಟೋನ್ ಹೊರಗೆ ಬರುತ್ತದೆ. ಅಸಿಟಿಲೀನ್ ಒತ್ತಡವನ್ನು 1 ಬಾರ್ ದಾಟಿಸಬಾರದು. ಆಕ್ಸಿಜನ್ನಿನ ಕರಿ ಸಿಲಿಂಡರಿನ ಹತ್ತಿರ ಎಣ್ಣೆ, ಗ್ರೀಸು ಸುಳಿಯಬಾರದು. ಕಲಿಸುವವನು ಪಕ್ಕದಲ್ಲೇ ನಿಲ್ಲದಿದ್ದರೆ ನಾನೂ ಬೇಡ ಎನ್ನುತ್ತೇನೆ. ಐಟಿಐಯಲ್ಲಿ ಹೇಗೂ ಕಲಿಸುತ್ತಾರೆ, ಅಲ್ಲಿಯೇ ಕಲಿಯಲಿ. ಆದರೆ ಆ ಕೆಲವು ವಾರಗಳನ್ನು ‘ಇದು ಹಳೆಯದು’ ಎಂದು ತಪ್ಪಿಸಿಕೊಳ್ಳಬೇಡ ಎಂದು ಹುಡುಗನಿಗೆ ನನ್ನ ಹೆಸರಿನಲ್ಲಿ ಹೇಳಿ.

ಮಲ್ಪೆ ದೋಣಿ ರಿಪೇರಿ

ನಾವು ಬಂದರಿನಲ್ಲಿ ಕಬ್ಬಿಣದ ದೋಣಿಗೆ ತೇಪೆ ಹಾಕುವವರು. ಸಿಓಟು ತಂದು ನೋಡಿದ್ದೇವೆ. ಕಡಲ ಗಾಳಿಗೆ ಅನಿಲ ಹಾರಿಹೋಗಿ ಬೆಸುಗೆಯ ತುಂಬಾ ಜೇನುಗೂಡಿನಂತೆ ಕಣ್ಣು, ಸಣ್ಣ ಸಣ್ಣ ತೂತು. ಫ್ಯಾನಿನ ಗಾಳಿಯೂ ಸಾಕು ಅದನ್ನು ಕೆಡಿಸುವುದಕ್ಕೆ. ರಾಡಿಗೆ ಅದರ ಲೇಪನವೇ ಉರಿದು ಹೊಗೆಯ ಕೊಡೆ ಹಿಡಿಯುತ್ತದೆ. ಹೊಲದಲ್ಲಿ ಟ್ರೇಲರ್ ಮುರಿದರೆ ಯಾರೂ ಸಿಲಿಂಡರ್ ಹೊತ್ತುಕೊಂಡು ಹೋಗುವುದಿಲ್ಲ. ರಾಡ್ ಕಲಿಸಿ, ಮುಗಿಯಿತು.

ಕುವೈತ್ ಪೈಪ್‌ಲೈನ್

ದಾವಣಗೆರೆ ಜಿಲ್ಲೆಯವನು, ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಹುಡುಗನಿಗೆ ಟಿಗ್ ಮೋಹ ಎಂದು ಓದಿ ನಗು ಬಂತು, ನನಗೂ ಅದೇ ಇತ್ತು.

ಇಲ್ಲಿಗೆ ಬರುವ ಪೈಪ್ ವೆಲ್ಡರ್‌ಗೆ ಕೊಡುವ ಪರೀಕ್ಷೆ 6ಜಿ. ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿರುತ್ತಾರೆ, ತಿರುಗಿಸುವಂತಿಲ್ಲ. ನಾವೇ ಸುತ್ತ ತಿರುಗಿ, ಬಗ್ಗಿ, ಅಂಗಾತ ಕಣ್ಣು ಹಾಯಿಸಿ ಬೆಸೆಯಬೇಕು. ಬಹಳ ಕಡೆ ಒಳಗಿನ ಮೊದಲ ಸುತ್ತು ಟಿಗ್‌ನಲ್ಲಿ, ಅದರ ಮೇಲೆ ತುಂಬುವುದು 7018 ರಾಡಿನಲ್ಲಿ. ಆಮೇಲೆ ಎಕ್ಸ್‌ರೇ ತೆಗೆಯುತ್ತಾರೆ. ನಾನು ಕಂಡಂತೆ ಸೋಲುವವರು ಹೆಚ್ಚಾಗಿ ಟಿಗ್‌ನಲ್ಲಿ ಅಲ್ಲ, ರಾಡಿನಲ್ಲಿ. ಒಂದು ರಾಡ್ ಮುಗಿದು ಇನ್ನೊಂದು ಹಿಡಿದು ಮತ್ತೆ ಶುರುಮಾಡುವ ಜಾಗವಿದೆಯಲ್ಲ, ಅಲ್ಲಿ ಸ್ಲ್ಯಾಗ್ ಸಿಕ್ಕಿಕೊಂಡಿರುತ್ತದೆ.

ಟಿಗ್ ಮೊದಲು ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ದುಡ್ಡು. ಆರ್ಗಾನ್ ನಿಮಿಷಕ್ಕೆ ಹತ್ತು ಲೀಟರಿನಂತೆ ಹೋಗುತ್ತಲೇ ಇರುತ್ತದೆ. ಟಂಗ್‌ಸ್ಟನ್ ಮುಳ್ಳು ಮಡುವಿಗೆ ತಾಗಿದಾಗಲೆಲ್ಲ ಮತ್ತೆ ಸಾಣೆ ಹಿಡಿಯಬೇಕು. ಹೊಸಬ ಮೊದಲ ದಿನ ಬೆಸೆಯುವುದಕ್ಕಿಂತ ಸಾಣೆ ಹಿಡಿಯುವುದೇ ಜಾಸ್ತಿ. ಕೆಂಪು ತುದಿಯ ಟಂಗ್‌ಸ್ಟನ್ ತರಬೇಡಿ, ಅದರಲ್ಲಿ ಥೋರಿಯಮ್ ಇರುತ್ತದೆ, ಸಾಣೆಯ ಧೂಳು ಎದೆಗೆ ಒಳ್ಳೆಯದಲ್ಲ. ಲ್ಯಾಂಥನಮ್ ಇರುವುದು ಸಿಗುತ್ತದೆ.

ಪೀಣ್ಯ ಎರಡನೇ ಪಾಳಿ

ನಾಲ್ಕು ಜನ ಸೇರಿ ನನ್ನನ್ನು ಮೂಲೆಗೆ ತಳ್ಳಿದ್ದೀರಿ. ಇರಲಿ. ಬೋಧಕರೇ, ಒಂದು ಮಾತು ಕೇಳುತ್ತೇನೆ. ರಾಡಿನ ಬೆಸುಗೆ ಸುಳ್ಳು ಹೇಳುವುದೇ ಇಲ್ಲವೆ? 6013 ರಾಡಿನಲ್ಲಿ ಸ್ಲ್ಯಾಗ್ ಒಳಗೇ ಹೂತು ಮೇಲೆ ನುಣ್ಣಗೆ ಕಾಣುವ ಗೇಟುಗಳನ್ನು ನಾನು ಊರ ತುಂಬಾ ನೋಡಿದ್ದೇನೆ. ಗ್ರೈಂಡರ್ ಹೊಡೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದರೆ ಯಾವ ಪರೀಕ್ಷೆ? ಸಿಓಟುವಿನಲ್ಲೂ ನಿಮ್ಮ ಸುತ್ತಿಗೆಯ ಪರೀಕ್ಷೆ ಮಾಡಿಸುತ್ತ ಕಲಿಸಿದರೆ ಹುಡುಗ ಕೆಡುವುದಿಲ್ಲ. ಕೆಡಿಸುವುದು ಯಂತ್ರವಲ್ಲ, ಮುರಿದು ನೋಡದ ಮಾಲೀಕ.

ಹಳೆಯ ಬೋಧಕ

ಒಪ್ಪಿದೆ. ಈ ಮಾತನ್ನು ನಾನೇ ಮೊದಲು ಹೇಳಬೇಕಿತ್ತು. ಯಾವುದನ್ನು ಕಲಿತರೂ ಮುರಿದು ನೋಡುವ ಸುತ್ತಿಗೆ ಬೇಕು. ಆದರೂ ನನ್ನ ಮತ ರಾಡಿಗೇ. ಮಾಮನಿಗೆ ಗೊತ್ತಿರುವುದು ರಾಡ್, ಸಿಓಟು ಗೊತ್ತಿಲ್ಲ. ತನಗೆ ಬಾರದ್ದನ್ನು ಪಕ್ಕದಲ್ಲಿ ನಿಂತು ತಿದ್ದುವುದು ಹೇಗೆ?

ಕಣ್ಣಿನ ವಾರ್ಡ್ ನರ್ಸ್

ವೆಲ್ಡಿಂಗ್ ನನಗೆ ತಿಳಿಯದು, ವೆಲ್ಡರ್‌ಗಳ ಕಣ್ಣು ತಿಳಿದಿದೆ. ರಾತ್ರಿ ಹತ್ತು, ಹನ್ನೊಂದರ ಮೇಲೆ ಬರುತ್ತಾರೆ. ಮಧ್ಯಾಹ್ನದ ಮೇಲೆ ಆರ್ಕಿನ ಬೆಳಕು ಹೊಡೆದರೆ ಉರಿ ಶುರುವಾಗುವುದು ಆರೇಳು ಗಂಟೆ ಕಳೆದ ಮೇಲೆ, ಹಾಗಾಗಿ ಆಗ ಏನೂ ಆಗಲಿಲ್ಲ ಎಂದುಕೊಂಡಿರುತ್ತಾರೆ. ಕಣ್ಣಿಗೆ ಮರಳು ಹಾಕಿ ಉಜ್ಜಿದಂತಿದೆ ಎನ್ನುತ್ತಾರೆ. ಅರ್ಧ ಜನ ಬರುವ ಮೊದಲೇ ಆಲೂಗಡ್ಡೆಯ ಹೋಳು ಕಟ್ಟಿಕೊಂಡಿರುತ್ತಾರೆ, ಕೆಲವರು ಎದೆಹಾಲು ಬಿಟ್ಟುಕೊಂಡಿರುತ್ತಾರೆ. ಗಾಯವಾದ ಕಣ್ಣಿಗೆ ಇವೆಲ್ಲ ಸೋಂಕು ತರುತ್ತವೆ. ಮರಗಟ್ಟಿಸುವ ಹನಿಯನ್ನು ಅಂಗಡಿಯಲ್ಲಿ ಕೊಂಡು ಪದೇ ಪದೇ ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಕಣ್ಣಾಸ್ಪತ್ರೆಗೆ ಬನ್ನಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ.

ಬೆಸೆಯುವವನಿಗಿಂತ ಪಕ್ಕದಲ್ಲಿ ಆಂಗಲ್ ಹಿಡಿದು ನಿಂತ ಹುಡುಗರೇ ನಮ್ಮಲ್ಲಿಗೆ ಹೆಚ್ಚು ಬರುತ್ತಾರೆ. ‘ಟ್ಯಾಕ್ (ಚುಕ್ಕಿ ಬೆಸುಗೆ) ಹಾಕುವಾಗ ಕಣ್ಣು ಮುಚ್ಚಿಕೋ’ ಎಂದು ಹೇಳಿರುತ್ತಾರೆ. ನಿಮ್ಮ ಅಂಗಡಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಶೀಲ್ಡ್ ಇವೆಯೆ?

ರಾಣೆಬೆನ್ನೂರು ಗ್ರಿಲ್

ನಿಜ ಹೇಳುತ್ತೇನೆ, ಇರಲಿಲ್ಲ. ಕೈಯಲ್ಲಿ ಹಿಡಿಯುವ ಶೀಲ್ಡ್ ಎರಡಿದ್ದವು, ಒಂದರ ಗಾಜು ಬಿರುಕು ಬಿಟ್ಟಿತ್ತು. ನಿಮ್ಮ ಮಾತು ಓದಿ ಈ ದಿನ ಪೇಟೆಗೆ ಹೋಗಿ ಹುಡುಗನಿಗೆ ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಕೈಗವಸು, ನಮಗೆಲ್ಲ 11ನೇ ನಂಬರಿನ ಹೊಸ ಕಪ್ಪು ಗಾಜು ತಂದೆ. ಅವನು ಹೆಲ್ಮೆಟನ್ನು ತಲೆಯಿಂದ ತೆಗೆಯುತ್ತಲೇ ಇಲ್ಲ.

ರಾಡೇ ಎಂದು ತೀರ್ಮಾನಿಸಿದ್ದೇನೆ. ಈಗ ಹೇಳಿ, ಎಲ್ಲಿಂದ ಶುರು? ಅಂಗಡಿಯಲ್ಲಿ ಬಿದ್ದಿರುವ ಚೂರೆಲ್ಲ ಗೇಟಿನ ಚೌಕ ಪೈಪು, ಒಂದೂವರೆ ಮಿ.ಮೀ. ದಪ್ಪದ್ದು. ಜೊತೆಗೆ ಸಂಜೆ ನಮ್ಮ ಕಡೆ ವೋಲ್ಟೇಜ್ ಬೀಳುತ್ತದೆ.

ಹಳೆಯ ಬೋಧಕ

ಗ್ರಿಲ್ ಅಂಗಡಿಯ ಹುಡುಗರು ಹಾಳಾಗುವುದು ಅಲ್ಲಿಯೇ. ಒಂದೂವರೆ ಮಿ.ಮೀ. ಪೈಪಿನಲ್ಲಿ ಹೊಸಬ ಕಲಿಯುವುದು ತೂತು ಮಾಡುವುದನ್ನು, ಆಮೇಲೆ ತೂತು ಮುಚ್ಚುವುದನ್ನು. ರಾಡನ್ನು ಚುಕ್ಕಿ ಚುಕ್ಕಿಯಾಗಿ ತಾಗಿಸಿ ಎತ್ತುವ ಚಟ ಹತ್ತುತ್ತದೆ, ಅದು ಜನ್ಮಕ್ಕೂ ಬಿಡುವುದಿಲ್ಲ. ಗುಜರಿಯಿಂದ 6 ಮಿ.ಮೀ. ಪಟ್ಟಿ ಹತ್ತು ಕಿಲೋ ತನ್ನಿ. ತುಕ್ಕು, ಬಣ್ಣ ಕೆರೆದು ತೆಗೆಯುವುದನ್ನು ಅವನೇ ಮಾಡಲಿ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಬೇಡ. ಅದರ ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಹೋಗುತ್ತದೆ ಎನ್ನುವುದನ್ನು ನಂಬಬೇಡಿ.

2.5 ಮಿ.ಮೀ. 6013 ರಾಡ್. ಆ ಅಂಕಿಯ ಅರ್ಥವನ್ನೂ ಅವನಿಗೆ ಹೇಳಿ: 60 ಎಂದರೆ ಬೆಸುಗೆಯ ಎಳೆತದ ಬಲ ಚದರ ಅಂಗುಲಕ್ಕೆ 60,000 ಪೌಂಡ್, 1 ಎಂದರೆ ಎಲ್ಲ ಭಂಗಿಯಲ್ಲೂ ನಡೆಯುತ್ತದೆ, ಕೊನೆಯದು ಲೇಪನದ ಜಾತಿ. ಕರೆಂಟು 70ರಿಂದ 90 ಆಂಪಿಯರಿನ ನಡುವೆ, 80ಕ್ಕೆ ಇಟ್ಟು ಶುರುಮಾಡಿ. ಹೊಸಬರು ಹೆದರಿ ಕಡಿಮೆ ಇಡುತ್ತಾರೆ, ಅದಕ್ಕೇ ರಾಡ್ ಅಂಟುತ್ತದೆ. ರಾಡಿನ ಒಳತಂತಿ ಎಷ್ಟು ದಪ್ಪವೋ ಆರ್ಕ್ ಸುಮಾರು ಅಷ್ಟೇ ಉದ್ದ. ಬೆಂಕಿಕಡ್ಡಿ ಗೀಚಿದಂತೆ ಗೀಚಿ ಹೊತ್ತಿಸಲಿ.

ವೋಲ್ಟೇಜ್ ವಿಷಯ: ಮನೆಯ ಐದು ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಬೇಡಿ, 16 ಆಂಪಿಯರಿನ ಸಾಕೆಟ್ಟು, ದಪ್ಪ ವೈರು ಇರಲಿ. ಸುರುಳಿ ಸುತ್ತಿದ ತೆಳು ಎಕ್ಸ್‌ಟೆನ್ಷನ್ನಿನಲ್ಲಿ ಬಹಳಷ್ಟು ವೋಲ್ಟೇಜ್ ಅಲ್ಲಿಯೇ ಸಾಯುತ್ತದೆ. ಅಭ್ಯಾಸವನ್ನು ಬೆಳಗ್ಗೆಯೇ ಮಾಡಿಸಿ. ಸಂಜೆ ಆರ್ಕ್ ಆರುತ್ತಿದ್ದರೆ ತಪ್ಪು ಕೈಯದೋ ಕರೆಂಟಿನದೋ ಅವನಿಗೆ ತಿಳಿಯುವುದಿಲ್ಲ.

ಕೊನೆಗೆ ನನ್ನ ಗುಟ್ಟೊಂದು. ನೇರ ಗೆರೆ ಎಳೆದು ಎಳೆದು ಹುಡುಗರಿಗೆ ಬೇಸರ ಬರುತ್ತಿತ್ತು. ತಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಅಂಗೈಯಗಲ ಕನ್ನಡ ಅಕ್ಷರ ಬರೆದು ಅದರ ಮೇಲೆ ರಾಡ್ ಓಡಿಸಲು ಹೇಳುತ್ತಿದ್ದೆ. ನಮ್ಮ ಅಕ್ಷರಗಳೆಲ್ಲ ದುಂಡು. ತಿರುವಿನಲ್ಲಿ ರಾಡಿನ ಓರೆ ಬದಲಿಸದಿದ್ದರೆ ಸ್ಲ್ಯಾಗ್ ಮುಂದಕ್ಕೆ ಹರಿದು ಮಡುವನ್ನು ಮುಚ್ಚಿಬಿಡುತ್ತದೆ. ‘ಠ’ದಿಂದ ಶುರುಮಾಡಿಸಿ, ‘ಅ’ಕ್ಕೆ ಆಮೇಲೆ ಬರಲಿ.

ಲೇಬರ್ ಲೆಕ್ಕದವನು

ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದಕ್ಕೆ ಕಾನೂನಿನ ನಿಷೇಧವಿದೆ. ‘ಕಲಿಯುತ್ತಿದ್ದಾನೆ’ ಎಂದು ಹೇಳಿ ಗಿರಾಕಿಯ ಮನೆಯ ಮಹಡಿ ಹತ್ತಿಸಿ ಟ್ರಸ್ ಬೆಸೆಸಬೇಡಿ. ಗುಜರಿ ಪಟ್ಟಿಯ ಮೇಲೆ, ನಿಮ್ಮ ಕಣ್ಣೆದುರು, ಅಷ್ಟಕ್ಕೇ ಇರಲಿ. ಡೀಸೆಲ್ ಡ್ರಮ್ಮು, ಹಳೆಯ ಟ್ಯಾಂಕು ಯಾರೇ ತಂದರೂ ನೀವೂ ಮುಟ್ಟಬೇಡಿ. ಖಾಲಿ ಡ್ರಮ್ಮೇ ತುಂಬಿದ ಡ್ರಮ್ಮಿಗಿಂತ ಕೆಟ್ಟದ್ದು, ಒಳಗೆ ಆವಿ ಇರುತ್ತದೆ.

ರಾಣೆಬೆನ್ನೂರು ಗ್ರಿಲ್

ಮೂರು ವಾರ ಕಳೆದಿದೆ, ಸುದ್ದಿ ಹೇಳುತ್ತೇನೆ.

ಮೊದಲ ಮೂರು ದಿನ ಪೀಣ್ಯದವರು ಹೇಳಿದಂತೆಯೇ ಆಯಿತು. ರಾಡ್ ಅಂಟುವುದು, ಹುಡುಗ ಮುಖ ಕೆಂಪು ಮಾಡಿಕೊಳ್ಳುವುದು. ನಾಲ್ಕನೇ ದಿನ ಬರಲೇ ಇಲ್ಲ. ಮೈದಾನದಲ್ಲಿದ್ದ. ಐದನೇ ದಿನ ತಾನೇ ಬಂದ, ನಾನೂ ಏನೂ ಕೇಳಲಿಲ್ಲ. ಅವತ್ತು ನಾನು ಕೈ ಹಿಡಿದು ತೋರಿಸುವುದನ್ನು ಬಿಟ್ಟು, ಎರಡನೇ ಶೀಲ್ಡ್ ಹಿಡಿದು ಪಕ್ಕದಲ್ಲಿ ಕೂತು ‘ಹತ್ತಿರ, ದೂರ, ಇಳಿಸು’ ಎಂದು ಮಾತ್ರ ಹೇಳುತ್ತ ಹೋದೆ. ಸದ್ದು ಚರಚರ ಎಂದು ಒಂದೇ ಸಮ ಬಂದಾಗ ‘ಇದೇ’ ಎಂದೆ. ಆಮೇಲೆ ಅವನು ಕಿವಿಯಿಂದಲೇ ಕಲಿತ. 25 ವರ್ಷದಿಂದ ನಾನೂ ಕಿವಿಯಿಂದಲೇ ಬೆಸೆಯುತ್ತಿದ್ದೇನೆ ಎಂದು ನನಗೆ ಅವತ್ತು ತಿಳಿಯಿತು.

ಸುತ್ತಿಗೆ ಪರೀಕ್ಷೆಯಲ್ಲಿ ಅವನ ಆರು ತುಂಡುಗಳಲ್ಲಿ ನಾಲ್ಕು ಕಿತ್ತು ಬಂದವು. ಬೆಸುಗೆ ಕೆಳಗಿನ ತಟ್ಟೆಗೆ ಹಿಡಿದಿತ್ತು, ನಿಂತ ತುಂಡಿಗೆ ಹಿಡಿದಿರಲಿಲ್ಲ, ರಾಡನ್ನು ಪೂರ್ತಿ ಕೆಳಕ್ಕೆ ತೋರಿಸುತ್ತಿದ್ದ. ಸುಮ್ಮನಿರಲಾರದೆ ನಾನೂ ಒಂದು ಬೆಸೆದು ಹೊಡೆದೆ. ಮೂಲೆಯಲ್ಲಿ ಒಂದಿಂಚು ಸ್ಲ್ಯಾಗ್ ಕೂತಿತ್ತು. ಹುಡುಗ ಅದನ್ನು ಎಲ್ಲರಿಗೂ ತೋರಿಸಿಕೊಂಡು ಬಂದಿದ್ದಾನೆ.

‘ಠ’ ಎರಡು ದಿನಕ್ಕೆ ಬಂತು, ‘ಅ’ಕ್ಕೆ ಒಂದು ವಾರ ಹಿಡಿಯಿತು. ಅಕ್ಕ ಬಂದಾಗ ತಟ್ಟೆ ತೋರಿಸಿದ. ಅವಳು ಮೊದಲು ನೋಡಿದ್ದು ಅಂಗಿಯ ತೋಳಿನಲ್ಲಿದ್ದ ತೂತನ್ನು. ಈಗ ದಪ್ಪ ಹತ್ತಿಯ ತುಂಬುತೋಳಿನ ಅಂಗಿ ಹೊಲಿಸಿಕೊಟ್ಟಿದ್ದಾಳೆ.

ಎರಡು ಪ್ರಶ್ನೆ. ಸಿಓಟುವನ್ನೂ ಒಮ್ಮೆ ಹಚ್ಚಿ ನೋಡೋಣ ಎಂದರೆ ತಂತಿ ರೋಲರಿನ ಹತ್ತಿರವೇ ಗುಬ್ಬಿಗೂಡಿನಂತೆ ಸುತ್ತಿಕೊಳ್ಳುತ್ತದೆ. ಮತ್ತೆ, ಮಳೆ ಶುರುವಾದ ಮೇಲೆ ಡಬ್ಬಿ ಒಡೆದ ರಾಡುಗಳು ಸಿಡಿಯುತ್ತಿವೆ, ಬೆಸುಗೆಯಲ್ಲಿ ಸಣ್ಣ ಕಣ್ಣು ಬರುತ್ತಿದೆ.

ಪೀಣ್ಯ ಎರಡನೇ ಪಾಳಿ

ನಾಲ್ಕನೇ ದಿನ ಮೈದಾನ ಎಂದು ಹೇಳಿದ್ದೆನೋ ಇಲ್ಲವೋ? ಐದನೇ ದಿನ ವಾಪಸು ಬರುತ್ತಾನೆ ಎಂದು ಮಾತ್ರ ಎಣಿಸಿರಲಿಲ್ಲ.

ಗೂಡು ಕಟ್ಟುವುದೆಂದರೆ ಮುಂದೆ ಎಲ್ಲೋ ತಡೆ ಇದೆ ಎಂದು. ಒಂದು ವರ್ಷ ಮೂಲೆಯಲ್ಲಿತ್ತಲ್ಲ, ಗನ್ನಿನ ಒಳಗೆ ತಂತಿ ಹಾಯುವ ಕೊಳವೆ, ಲೈನರ್, ತುಕ್ಕು ಹಿಡಿದಿರುತ್ತದೆ. ಲೈನರ್, ತುದಿಯ ಟಿಪ್ ಎರಡೂ ಬದಲಿಸಿ. ಟಿಪ್ಪಿನ ಅಳತೆ ತಂತಿಯ ಅಳತೆಗೆ ಸರಿಯಾಗಿರಲಿ, 0.8ರ ತಂತಿಗೆ 0.8ರ ಟಿಪ್ಪು. ತುಕ್ಕು ಹಿಡಿದ ತಂತಿಯ ಸುರುಳಿಯನ್ನು ಗುಜರಿಗೆ ಹಾಕಿ, ಉಳಿಸಲು ಹೋಗಬೇಡಿ. ರೆಗ್ಯುಲೇಟರಿನ ಹೀಟರ್ ಕೆಲಸ ಮಾಡುತ್ತದೆಯೇ ನೋಡಿ, ಇಲ್ಲದಿದ್ದರೆ ಅನಿಲ ಹೊರಬರುವಾಗಲೇ ಹೆಪ್ಪುಗಟ್ಟುತ್ತದೆ. ಹುಡುಗ ಐಟಿಐಗೆ ಸೇರುವ ಮೊದಲು ಒಂದು ಭಾನುವಾರ ನಾನೇ ಬರುತ್ತೇನೆ, ಊರು ಹಾವೇರಿಯೇ.

ಹಳೆಯ ಬೋಧಕ

ಸಿಡಿಯುವುದು ತೇವದಿಂದ. ಒಂದು ಮರದ ಪೆಟ್ಟಿಗೆ ಮಾಡಿ, ಒಳಗೆ ಕೆಳಭಾಗದಲ್ಲಿ 60 ವಾಟಿನ ಹಳೆಯ ಕಾಲದ ಬಲ್ಬ್ ಹಾಕಿ, ಅದರ ಮೇಲೆ ಜಾಲರಿ ಇಟ್ಟು ರಾಡುಗಳನ್ನು ಜೋಡಿಸಿ. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ, ಅದರಲ್ಲಿ ಶಾಖವಿಲ್ಲ. 6013ಕ್ಕೆ ಇಷ್ಟು ಸಾಕು. ಮುಂದೆ 7018 ತಂದರೆ ಈ ಪೆಟ್ಟಿಗೆ ಸಾಲದು, ಅದನ್ನು 300 ಡಿಗ್ರಿಯ ಮೇಲೆ ಒಲೆಯಲ್ಲಿ ಒಣಗಿಸಬೇಕು. ಒಡೆದ ಡಬ್ಬಿಯನ್ನು ಈ ರಾತ್ರಿಯೇ ಸಿಮೆಂಟು ನೆಲದಿಂದ ಎತ್ತಿಡಿ.